ಇಂಟೆಲ್ ಗ್ರಾಫಿಕ್ಸ್ ಕಾರ್ಡ್ ಮಾಡುವುದನ್ನೇ ಬಿಟ್ಟರೆ ಕೊಂಡವರ ಗತಿ ಏನು?

ಪ್ರಶ್ನೆ: ಮಂಡ್ಯದಲ್ಲಿ ಮದುವೆ, ನಾಮಕರಣ, ಗೃಹಪ್ರವೇಶಗಳ ಫೋಟೊ, ವಿಡಿಯೊ ಮಾಡುವ ಸಣ್ಣ ಸ್ಟುಡಿಯೊ ಇಟ್ಟುಕೊಂಡಿದ್ದೇನೆ. ನನ್ನ ಕಂಪ್ಯೂಟರಿನಲ್ಲಿ ಇಂಟೆಲ್ ಕೋರ್ ಐ5-9400ಎಫ್ ಪ್ರೊಸೆಸರ್, 32 ಜಿಬಿ ಡಿಡಿಆರ್4 ರ‍್ಯಾಮ್, ಎನ್‌ವಿಡಿಯಾ ಜಿಟಿಎಕ್ಸ್ 1650 ಕಾರ್ಡ್ ಇವೆ. ಹೊಸ ಕ್ಯಾಮೆರಾದಲ್ಲಿ ತೆಗೆದ 10 ಬಿಟ್ ವಿಡಿಯೊ ಎಡಿಟ್ ಮಾಡಲು ಕುಳಿತರೆ ಯಂತ್ರ ತಡವರಿಸುತ್ತದೆ. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿರುವ ಮಗ ಇದರಲ್ಲೇ ಗೇಮ್ ಆಡುತ್ತಾನೆ, ಮಷೀನ್ ಲರ್ನಿಂಗ್ ಅಭ್ಯಾಸವನ್ನೂ ಮಾಡುತ್ತಾನೆ. ಮೈಸೂರಿನ ಅಂಗಡಿಯವರು ಇಂಟೆಲ್ ಆರ್ಕ್ ಬಿ580 ಕಾರ್ಡ್ ಹಾಕಿಸಿ ಎನ್ನುತ್ತಾರೆ. ಮಗನೋ, ಇಂಟೆಲ್ ಡೆಸ್ಕ್‌ಟಾಪ್ ಗ್ರಾಫಿಕ್ಸ್ ಕೆಲಸವನ್ನೇ ಬಿಡುತ್ತದಂತೆ, ಆಮೇಲೆ ಕಾರ್ಡ್ ಗುಜರಿಗೆ ಹೋಗುತ್ತದೆ ಎಂದು ಹೆದರಿಸುತ್ತಿದ್ದಾನೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಈಗಿನ ಯಂತ್ರಕ್ಕೆ ಬಿ580 ಹಾಕಿಸಬೇಡಿ. ಆದರೆ ನಿಮ್ಮ ಮಗ ಹೇಳುತ್ತಿರುವ ಕಾರಣಕ್ಕಾಗಿ ಬೇಡ ಎನ್ನುತ್ತಿಲ್ಲ. ಇಂಟೆಲ್ ನಾಳೆ ಏನು ಮಾಡುತ್ತದೆ ಎನ್ನುವುದಕ್ಕಿಂತ ನಿಮ್ಮ ಮದರ್‌ಬೋರ್ಡ್ ಇವತ್ತು ಏನು ಮಾಡಲಾರದು ಎನ್ನುವುದೇ ನಿಮಗೆ ದೊಡ್ಡ ತೊಡಕು. ಅದನ್ನು ಆಮೇಲೆ ವಿವರಿಸುತ್ತೇನೆ. ಮೊದಲು ವದಂತಿಯನ್ನು ಎತ್ತಿಕೊಳ್ಳುತ್ತೇನೆ. ಮೈಸೂರಿನಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ನಮ್ಮಂಥವರ ಮುಂದೆ ಈಚೆಗೆ ಪದೇ ಪದೇ ಬರುವ ಪ್ರಶ್ನೆ ಇದು. ಅದರಲ್ಲಿ ಹುರುಳೂ ಇದೆ, ಜೊಳ್ಳೂ ಇದೆ. ಎರಡನ್ನೂ ಬೇರ್ಪಡಿಸದೆ ದುಡ್ಡು ಬಿಚ್ಚಬಾರದು.

ಜನ ಸುಮ್ಮನೆ ಅನುಮಾನಪಡುತ್ತಿಲ್ಲ. ಇಂಟೆಲ್ ಈ ಹಾದಿಯಲ್ಲಿ ಹಿಂದೆ ಎರಡು ಸಲ ಹೊರಟು ಎರಡು ಸಲವೂ ಹಿಂದಿರುಗಿದೆ. 1998ರಲ್ಲಿ ಐ740 ಎಂಬ ಗ್ರಾಫಿಕ್ಸ್ ಚಿಪ್ ತಂದು, ಮರುವರ್ಷವೇ ಆ ವ್ಯಾಪಾರದಿಂದ ಕೈ ತೊಳೆದುಕೊಂಡಿತು. ಹತ್ತು ವರ್ಷದ ಬಳಿಕ ಲಾರಾಬೀ ಎಂಬ ಯೋಜನೆಯನ್ನು ಭಾರಿ ಸದ್ದಿನೊಂದಿಗೆ ಪ್ರಕಟಿಸಿ, 2009ರ ಡಿಸೆಂಬರಿನಲ್ಲಿ ಅದನ್ನು ಗ್ರಾಫಿಕ್ಸ್ ಕಾರ್ಡ್ ಆಗಿ ಮಾರುವುದಿಲ್ಲ ಎಂದು ಘೋಷಿಸಿತು. ಗ್ರಾಫಿಕ್ಸ್ ಮಾತ್ರವೂ ಅಲ್ಲ. ಆಪ್ಟೇನ್ ಮೆಮೊರಿಯನ್ನು 2022ರಲ್ಲಿ ನಿಲ್ಲಿಸಿತು, ನಕ್ ಎಂಬ ಪುಟ್ಟ ಕಂಪ್ಯೂಟರುಗಳನ್ನು 2023ರಲ್ಲಿ ಏಸಸ್ ಕಂಪನಿಗೆ ವಹಿಸಿತು, ಫೋನ್ ಮೋಡೆಮ್ ವಿಭಾಗವನ್ನು 2019ರಲ್ಲಿ ಆಪಲ್‌ಗೆ ಮಾರಿತು. ಇಷ್ಟು ಚರಿತ್ರೆ ಬೆನ್ನಿಗಿರುವ ಕಂಪನಿ 'ನಾವು ಎಲ್ಲಿಗೂ ಹೋಗುವುದಿಲ್ಲ' ಎಂದರೆ ಗಿರಾಕಿ ತಕ್ಷಣ ನಂಬದಿರುವುದು ನ್ಯಾಯವೇ.

ಮೂರನೆಯ ಪ್ರಯತ್ನವೇ ಆರ್ಕ್. 2022ರ ಅಕ್ಟೋಬರಿನಲ್ಲಿ ಎ770, ಎ750 ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು. ಅವು ಬರುವ ಮೊದಲೇ, ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಆರ್ಕ್ ರದ್ದಾಯಿತು ಎಂಬ ಸುದ್ದಿ ಯೂಟ್ಯೂಬಿನಲ್ಲಿ ಹಬ್ಬಿತ್ತು. ಅದಕ್ಕೆ ಆಧಾರವೂ ಇಲ್ಲದಿರಲಿಲ್ಲ: 2022ರ ಎರಡನೇ ತ್ರೈಮಾಸಿಕ ಒಂದರಲ್ಲೇ ಇಂಟೆಲ್‌ನ ಗ್ರಾಫಿಕ್ಸ್ ವಿಭಾಗ 50 ಕೋಟಿ ಡಾಲರಿಗೂ ಹೆಚ್ಚು ನಷ್ಟ ತೋರಿಸಿತ್ತು. ಆ ವರ್ಷದ ಕೊನೆಯಲ್ಲಿ ವಿಭಾಗವನ್ನೇ ಎರಡು ಹೋಳು ಮಾಡಿದರು. ವಿಭಾಗದ ಮುಖ್ಯಸ್ಥರಾಗಿದ್ದ ರಾಜಾ ಕೋಡೂರಿ 2023ರ ಮಾರ್ಚಿನಲ್ಲಿ ಕಂಪನಿ ಬಿಟ್ಟರು. ಇಷ್ಟಾದರೂ 2024ರ ಡಿಸೆಂಬರಿನಲ್ಲಿ ಎರಡನೇ ತಲೆಮಾರಿನ ಬಿ580 ಬಂತು, ಜನವರಿಯಲ್ಲಿ ಬಿ570 ಬಂತು. ರದ್ದಾಯಿತು ಎಂದವರ ಮಾತು ಸುಳ್ಳಾಯಿತು. ಆದರೆ ಸುಳ್ಳಾದದ್ದು ಮೊದಲ ಸುತ್ತಿನ ವದಂತಿ ಎನ್ನುವುದನ್ನು ನೆನಪಿಡಿ.

ಎರಡನೇ ಸುತ್ತು ಇನ್ನೂ ಗಟ್ಟಿ ಸಂಗತಿಗಳಿಂದ ಹುಟ್ಟಿದೆ. ಇಂಟೆಲ್ ಕಂಪನಿಯ ಆಗಿನ ಮುಖ್ಯಸ್ಥ ಪ್ಯಾಟ್ ಗೆಲ್ಸಿಂಗರ್ 2024ರ ಅಕ್ಟೋಬರಿನಲ್ಲಿ ಹೂಡಿಕೆದಾರರೊಂದಿಗೆ ಮಾತನಾಡುತ್ತ, ಮುಂದೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್‌ನ ಅಗತ್ಯ ಕಡಿಮೆಯಾಗುತ್ತದೆ ಎಂಬರ್ಥದ ಮಾತಾಡಿದರು. ಡಿಸೆಂಬರಿನಲ್ಲಿ ಅವರೇ ಹುದ್ದೆ ತೊರೆದರು. ಹಂಗಾಮಿ ಹೊಣೆ ಹೊತ್ತವರಲ್ಲಿ ಒಬ್ಬರಾದ ಮಿಶೆಲ್ ಜಾನ್‌ಸ್ಟನ್ ಹಾಲ್ಟ್‌ಹೌಸ್ 2025ರ ಜನವರಿಯಲ್ಲಿ, ಪ್ರತ್ಯೇಕ ಗ್ರಾಫಿಕ್ಸ್ ಮಾರುಕಟ್ಟೆಗೆ ನಾವು ಬದ್ಧ ಎಂದರು. ಮಾರ್ಚಿನಲ್ಲಿ ಲಿಪ್-ಬು ಟಾನ್ ಚುಕ್ಕಾಣಿ ಹಿಡಿದು, ಸಾವಿರಾರು ಉದ್ಯೋಗಿಗಳನ್ನು ಮನೆಗೆ ಕಳಿಸಿದರು. ಬಿ580ಗಿಂತ ದೊಡ್ಡದಾದ ಬಿ770 ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ವರ್ಷವಿಡೀ ಸುದ್ದಿಯಾದರೂ 2025 ಮುಗಿಯುವ ತನಕ ಬರಲಿಲ್ಲ. ಇವೆಲ್ಲಕ್ಕೂ ಕಳಶವಿಟ್ಟಂತೆ 2025ರ ಸೆಪ್ಟೆಂಬರ್ 18ರಂದು ಎನ್‌ವಿಡಿಯಾ ಇಂಟೆಲ್‌ನಲ್ಲಿ 500 ಕೋಟಿ ಡಾಲರ್ ಹೂಡುವುದಾಗಿ ಪ್ರಕಟಿಸಿತು. ಇಂಟೆಲ್ ಪ್ರೊಸೆಸರ್ ಜೊತೆಗೆ ಎನ್‌ವಿಡಿಯಾದ ಆರ್‌ಟಿಎಕ್ಸ್ ಗ್ರಾಫಿಕ್ಸ್ ಒಂದೇ ಚಿಪ್‌ನಲ್ಲಿ ಬರುವಂತೆ ಮಾಡುವುದು ಆ ಒಪ್ಪಂದದ ಒಂದು ಭಾಗ. ಪ್ರತಿಸ್ಪರ್ಧಿಯ ಗ್ರಾಫಿಕ್ಸನ್ನೇ ತನ್ನ ಚಿಪ್‌ಗೆ ಸೇರಿಸಿಕೊಳ್ಳುವವರು ಸ್ವಂತ ಕಾರ್ಡ್ ಯಾಕೆ ಮಾಡುತ್ತಾರೆ ಎಂದು ಯಾರಿಗಾದರೂ ಅನ್ನಿಸುತ್ತದೆ. ನಮ್ಮ ಗ್ರಾಫಿಕ್ಸ್ ಉತ್ಪನ್ನಗಳು ಮುಂದುವರಿಯುತ್ತವೆ ಎಂದು ಇಂಟೆಲ್ ಆಗಲೇ ಹೇಳಿತು. ಆದರೆ ಆ ಮಾತಿನಲ್ಲಿ ಡೆಸ್ಕ್‌ಟಾಪ್ ಗೇಮಿಂಗ್ ಕಾರ್ಡ್ ಎಂಬುದನ್ನು ಬಿಡಿಸಿ ಹೇಳಿರಲಿಲ್ಲ.

ನನ್ನ ದೃಷ್ಟಿಯಲ್ಲಿ ಈ ಹೇಳಿಕೆಗಳಿಗಿಂತ ಹೆಚ್ಚು ಮಾತಾಡುವುದು ಚಿಪ್‌ನ ಅಳತೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ವದಂತಿಯ ನಿಜವಾದ ಬೇರು ಇಲ್ಲಿದೆ. ಬಿ580 ಕಾರ್ಡಿನ ಚಿಪ್ 272 ಚದರ ಮಿಲಿಮೀಟರ್ ವಿಸ್ತೀರ್ಣದ್ದು. ಅದನ್ನು ಇಂಟೆಲ್ ತನ್ನ ಕಾರ್ಖಾನೆಯಲ್ಲಿ ಮಾಡುವುದಿಲ್ಲ. ತೈವಾನಿನ ಟಿಎಸ್‌ಎಂಸಿಯ 5 ನ್ಯಾನೊಮೀಟರ್ ತಂತ್ರದಲ್ಲಿ ದುಡ್ಡು ಕೊಟ್ಟು ಮಾಡಿಸುತ್ತದೆ. ಬಿಡುಗಡೆಯ ದಿನ ಅದರ ಎದುರಾಳಿಯಾಗಿದ್ದ ಎನ್‌ವಿಡಿಯಾ ಆರ್‌ಟಿಎಕ್ಸ್ 4060ರ ಚಿಪ್ ಅದೇ ಟಿಎಸ್‌ಎಂಸಿಯಲ್ಲಿ, ಹೆಚ್ಚುಕಡಿಮೆ ಅದೇ ದರ್ಜೆಯ ತಂತ್ರದಲ್ಲಿ ತಯಾರಾದದ್ದು, ಆದರೆ 159 ಚದರ ಮಿಲಿಮೀಟರ್ ಮಾತ್ರ. ಚಿಪ್‌ಗಳನ್ನು 300 ಮಿಲಿಮೀಟರ್ ವ್ಯಾಸದ ಸಿಲಿಕಾನ್ ಬಿಲ್ಲೆಯ ಮೇಲೆ ಮುದ್ರಿಸಿ ಕತ್ತರಿಸುತ್ತಾರೆ. ಅಂಚಿನಲ್ಲಿ ಹೋಗುವುದನ್ನು ಕಳೆದು ಲೆಕ್ಕ ಹಾಕಿದರೆ ಒಂದು ಬಿಲ್ಲೆಯಿಂದ ಇಂಟೆಲ್‌ಗೆ ಸುಮಾರು 220 ಚಿಪ್ ಸಿಗುತ್ತವೆ, ಎನ್‌ವಿಡಿಯಾಗೆ ಸುಮಾರು 390. ದೋಷವಿರುವ ಚಿಪ್‌ಗಳನ್ನು ಇದರಲ್ಲಿ ಕಳೆದಿಲ್ಲ. ಕಳೆದರೆ ದೊಡ್ಡ ಚಿಪ್‌ನವರಿಗೇ ನಷ್ಟ ಹೆಚ್ಚು. ಇನ್ನು ಬಿಡುಗಡೆಯ ಹೊತ್ತಿನ ಬೆಲೆ: ಬಿ580 249 ಡಾಲರ್, 12 ಜಿಬಿ ಮೆಮೊರಿ. ಆರ್‌ಟಿಎಕ್ಸ್ 4060 299 ಡಾಲರ್, 8 ಜಿಬಿ ಮೆಮೊರಿ. ಹೆಚ್ಚು ಸಿಲಿಕಾನ್, ಹೆಚ್ಚು ಮೆಮೊರಿ, ಕಡಿಮೆ ಬೆಲೆ.

ಕೊಳ್ಳುವವರಿಗೆ ಇದು ಹಬ್ಬ. ಮಾರುವವರಿಗೆ ಒಂದೊಂದು ಕಾರ್ಡಿನಲ್ಲೂ ಉಳಿಯುವುದು ಅತ್ಯಲ್ಪ. ಮಾರುಕಟ್ಟೆಯಲ್ಲಿ ಇಂಟೆಲ್‌ನ ಪಾಲು ಶೇ 1ರ ಆಸುಪಾಸಿನಲ್ಲೇ ತೆವಳುತ್ತಿದೆ. ಕಾರ್ಡುಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಎನ್‌ವಿಡಿಯಾದವು. ಹಣದ ಇಕ್ಕಟ್ಟಿನಲ್ಲಿರುವ ಕಂಪನಿಯ ಲೆಕ್ಕಿಗರು ಈ ಪುಟ ತೆರೆದಾಗ ಏನು ಹೇಳುತ್ತಾರೆಂದು ಊಹಿಸಲು ಒಳಗಿನವರ ಸೋರಿಕೆ ಬೇಕಿಲ್ಲ. ಇಂಟೆಲ್ 2025ರಲ್ಲಿ ಅದೇ ಗ್ರಾಫಿಕ್ಸ್ ಚಿಪ್ ಬಳಸಿ ಆರ್ಕ್ ಪ್ರೊ ಬಿ50, ಬಿ60 ಎಂಬ ವೃತ್ತಿಪರರ ಕಾರ್ಡ್‌ಗಳನ್ನು ತಂದದ್ದು, ಅಕ್ಟೋಬರಿನಲ್ಲಿ ಕ್ರೆಸೆಂಟ್ ಐಲೆಂಡ್ ಎಂಬ ಡೇಟಾ ಸೆಂಟರ್ ಚಿಪ್ ಪ್ರಕಟಿಸಿದ್ದು ಇದೇ ಲೆಕ್ಕದ ಫಲ ಎಂದು ನನ್ನ ತಿಳಿವಳಿಕೆ: ಅದೇ ಶ್ರಮಕ್ಕೆ ಹೆಚ್ಚು ಬೆಲೆ ಸಿಗುವ ಕಡೆ ಹೋಗುವುದು. ಹಾಗಾಗಿ, ಗೇಮ್ ಆಡುವವರಿಗಾಗಿ ಇಂಟೆಲ್ ಮುಂದೆ ದೊಡ್ಡ ಕಾರ್ಡುಗಳನ್ನು ಸಾಲಾಗಿ ತರುತ್ತದೆ ಎಂದು ಪಣ ಕಟ್ಟಲು ನಾನು ತಯಾರಿಲ್ಲ. ನಿಮ್ಮ ಮಗನ ಅನುಮಾನದಲ್ಲಿ ಇಷ್ಟು ಭಾಗ ಸರಿ.

ಅವನು ತಪ್ಪುವುದು ಮುಂದಿನ ಮಾತಿನಲ್ಲಿ, ಅಂದರೆ ಆಮೇಲೆ ಕಾರ್ಡ್ ಗುಜರಿಗೆ ಹೋಗುತ್ತದೆ ಎನ್ನುವಲ್ಲಿ. ಹೊಸ ಕಾರ್ಡ್ ಮಾಡದಿರುವುದು ಒಂದು ತೀರ್ಮಾನ. ಮಾರಿದ ಕಾರ್ಡಿಗೆ ಡ್ರೈವರ್ (ಕಾರ್ಡನ್ನು ವಿಂಡೋಸ್, ಗೇಮ್ ಇತ್ಯಾದಿಗಳೊಂದಿಗೆ ಹೊಂದಿಸುವ ತಂತ್ರಾಂಶ) ಕೊಡುವುದನ್ನು ನಿಲ್ಲಿಸುವುದು ಮತ್ತೊಂದು. ಕೊಂಡವರನ್ನು ತಟ್ಟುವುದು ಎರಡನೆಯದು ಮಾತ್ರ.

ಮೈಸೂರು, ಮಂಡ್ಯದವರಿಗೆ ಕಾರ್ಖಾನೆ ಮುಚ್ಚಿದ ಮೇಲೂ ಸರಕು ಬದುಕುವುದು ಹೊಸದಲ್ಲ. ಯಾದವಗಿರಿಯ ಐಡಿಯಲ್ ಜಾವಾ ಮೋಟಾರ್ ಬೈಕ್ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರ ಯೆಜ್ಡಿ ಬೈಕುಗಳು ಇವತ್ತಿಗೂ ನಮ್ಮ ರಸ್ತೆಗಳಲ್ಲಿ ಓಡುತ್ತಿವೆ. ಬಿಡಿಭಾಗ ಹುಡುಕುವವರು, ಇಲ್ಲದಿದ್ದರೆ ಲೇತ್‌ನಲ್ಲಿ ಕಡೆಸುವವರು, ಕಿವಿಯಿಂದಲೇ ಎಂಜಿನ್ನಿನ ದೋಷ ಹೇಳುವ ಮೆಕ್ಯಾನಿಕ್‌ಗಳು ಅವನ್ನು ಓಡಿಸುತ್ತಿದ್ದಾರೆ. ಗ್ರಾಫಿಕ್ಸ್ ಕಾರ್ಡಿಗೆ ಈ ಭಾಗ್ಯ ಅಷ್ಟು ಸುಲಭವಾಗಿ ಸಿಗುವುದಿಲ್ಲ. ರಸ್ತೆ ಬದಲಾಗಲಿಲ್ಲವಾದ್ದರಿಂದ ಯೆಜ್ಡಿ ಓಡುತ್ತದೆ; ಕಾರ್ಡಿನ ರಸ್ತೆಯಾದ ವಿಂಡೋಸ್ ಮತ್ತು ಗೇಮ್‌ಗಳು ವರ್ಷ ವರ್ಷವೂ ಬದಲಾಗುತ್ತವೆ. 2023ರ ಸೆಪ್ಟೆಂಬರಿನಲ್ಲಿ ಸ್ಟಾರ್‌ಫೀಲ್ಡ್ ಎಂಬ ದೊಡ್ಡ ಗೇಮ್ ಬಿಡುಗಡೆಯಾದಾಗ ಆರ್ಕ್ ಕಾರ್ಡ್‌ಗಳಲ್ಲಿ ಅದು ನೆಟ್ಟಗೆ ಓಡಲೇ ಇಲ್ಲ. ಇಂಟೆಲ್ ತರಾತುರಿಯಲ್ಲಿ ಹೊಸ ಡ್ರೈವರ್ ಕೊಡಬೇಕಾಯಿತು. ಹಾಗೆ ಕೊಡುವವರೇ ಇಲ್ಲದಿದ್ದರೆ? 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡ್ ಕೊಂಡವರಿಗೆ ಆದದ್ದು ಅದೇ. 2000ದ ಡಿಸೆಂಬರಿನಲ್ಲಿ ಅದರ ಆಸ್ತಿಯನ್ನು ಎನ್‌ವಿಡಿಯಾ ಕೊಳ್ಳುವ ಒಪ್ಪಂದವಾಯಿತು, ಕಂಪನಿ ಕಣ್ಮರೆಯಾಯಿತು, ಅಧಿಕೃತ ಡ್ರೈವರ್‌ಗಳೂ ನಿಂತುಹೋದವು. ಬಳಕೆದಾರರು ತಾವೇ ತಿದ್ದಿದ ಡ್ರೈವರ್‌ಗಳನ್ನು ಹಂಚಿಕೊಂಡು ಕೆಲವು ವರ್ಷ ದೂಡಿದರು.

ಇಂಟೆಲ್‌ಗೆ ಆ ಗತಿ ಬರುವುದಿಲ್ಲ ಎನ್ನಲು ನನಗಿರುವ ಕಾರಣ ಕಂಪನಿಯ ಒಳ್ಳೆಯತನವಲ್ಲ, ಅದರ ಲ್ಯಾಪ್‌ಟಾಪ್ ವ್ಯಾಪಾರ. ಬಿ580 ಒಳಗಿರುವ ಗ್ರಾಫಿಕ್ಸ್ ವಿನ್ಯಾಸಕ್ಕೆ ಎಕ್ಸ್ಇ2 ಎಂದು ಹೆಸರು. 2024ರ ಸೆಪ್ಟೆಂಬರಿನಿಂದ ಮಾರಾಟವಾಗುತ್ತಿರುವ ಲೂನಾರ್ ಲೇಕ್ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಒಳಗೆ ಇರುವುದೂ ಎಕ್ಸ್ಇ2. ಹಳೆಯ ಎ770 ತಲೆಮಾರಿನ ವಿನ್ಯಾಸದ ಹತ್ತಿರದ ಬಂಧು ಮೀಟಿಯರ್ ಲೇಕ್ ಲ್ಯಾಪ್‌ಟಾಪ್‌ಗಳಲ್ಲಿದೆ. ಅನಂತರದ ಪ್ಯಾಂಥರ್ ಲೇಕ್ ಪ್ರೊಸೆಸರಿನಲ್ಲಿ ಎಕ್ಸ್ಇ3 ಇದೆ, ಅದನ್ನೂ ಆರ್ಕ್ ಹೆಸರಿನಲ್ಲೇ ಮಾರುತ್ತಾರೆ. ಇವಕ್ಕೆಲ್ಲ ಇಂಟೆಲ್ ಕೊಡುವುದು ಒಂದೇ ಡ್ರೈವರ್ ಕಟ್ಟು. ಒಂದು ಗೇಮ್ ಲೂನಾರ್ ಲೇಕ್ ಲ್ಯಾಪ್‌ಟಾಪಿನಲ್ಲಿ ಓಡಬೇಕೆಂದು ಎಂಜಿನಿಯರುಗಳು ತಿದ್ದಿದ ಸಾಲಿನ ಬಹುಪಾಲು ಲಾಭ ನಿಮ್ಮ ಮೇಜಿನ ಕಾರ್ಡಿಗೂ ತಲುಪುತ್ತದೆ. ಲ್ಯಾಪ್‌ಟಾಪ್ ಪ್ರೊಸೆಸರ್ ಮಾರುವುದನ್ನು ಇಂಟೆಲ್ ಬಿಡುವ ತನಕ ಈ ಕೆಲಸವನ್ನು ಪೂರ್ತಿ ಬಿಡಲು ಅದಕ್ಕೆ ಸಾಧ್ಯವಿಲ್ಲ. ಲ್ಯಾಪ್‌ಟಾಪ್ ಬಿಟ್ಟರೆ ಇಂಟೆಲ್ಲೇ ಇಲ್ಲ.

ಇದನ್ನು ಹೇಳಿ ನಿಮ್ಮನ್ನು ಪೂರ್ತಿ ನಿಶ್ಚಿಂತರನ್ನಾಗಿ ಮಾಡುವುದು ನ್ಯಾಯವಲ್ಲ. 2025ರ ಸೆಪ್ಟೆಂಬರಿನಲ್ಲಿ ಇಂಟೆಲ್ ತನ್ನ 11ರಿಂದ 14ನೇ ತಲೆಮಾರಿನ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸಿಗೆ ಪ್ರತಿ ತಿಂಗಳು ಹೊಸ ಡ್ರೈವರ್ ಕೊಡುವುದನ್ನು ಬಿಟ್ಟು, ಭದ್ರತೆ ಮತ್ತು ಗಂಭೀರ ದೋಷಗಳ ತಿದ್ದುಪಡಿಯನ್ನು ಮಾತ್ರ ಮೂರು ತಿಂಗಳಿಗೊಮ್ಮೆ ಕೊಡುವ ಕ್ರಮಕ್ಕೆ ಬಂತು. 14ನೇ ತಲೆಮಾರು ಮಾರುಕಟ್ಟೆಗೆ ಬಂದದ್ದು 2023ರ ಅಕ್ಟೋಬರಿನಲ್ಲಿ. ಎರಡು ವರ್ಷ ತುಂಬುವ ಮೊದಲೇ ಅದನ್ನು ಹಳೆಯವರ ಸಾಲಿಗೆ ಸೇರಿಸಿದರು. ಆ ವಿನ್ಯಾಸ 2020ರದ್ದು ಎಂಬ ಸಮಜಾಯಿಷಿ ಇದೆ, ನಿಜ; ಆದರೂ ಕೊಂಡವರ ಕಣ್ಣಿಗೆ ಅದು ಹೊಸ ಪ್ರೊಸೆಸರ್ರೇ ಆಗಿತ್ತು. ಆರ್ಕ್ ಕಾರ್ಡಿನ ಕೊನೆಯೂ ಹೀಗೆಯೇ ಬರುತ್ತದೆಂದು ನನ್ನ ಅಂದಾಜು: ಒಂದು ದಿನ ಥಟ್ಟನೆ ಕತ್ತಲಾಗುವುದಿಲ್ಲ, ಹೊಸ ಗೇಮ್ ಬಿಡುಗಡೆಯಾದ ದಿನವೇ ಅದಕ್ಕೆ ಹೊಂದುವ ಡ್ರೈವರ್ ಬರುವುದು ನಿಲ್ಲುತ್ತದೆ. ಆಗ ಹೊಸ ಗೇಮ್‌ಗಳ ಹುಚ್ಚಿರುವವರಿಗೆ ಕಷ್ಟ. ವಿಡಿಯೊ ಎಡಿಟ್ ಮಾಡುವವರಿಗೆ ಬಹುಕಾಲ ಏನೂ ತಿಳಿಯುವುದೇ ಇಲ್ಲ.

ವಿಂಡೋಸ್ ಬದಲು ಲಿನಕ್ಸ್ ಬಳಸುವವರಿಗೆ ಇನ್ನೂ ಗಟ್ಟಿ ನೆಲವಿದೆ. ಇಂಟೆಲ್ ಕಾರ್ಡುಗಳ ಲಿನಕ್ಸ್ ಡ್ರೈವರ್‌ನ ಮೂಲ ಸಂಕೇತ (ಸೋರ್ಸ್ ಕೋಡ್) ಮುಕ್ತವಾಗಿದೆ, ಲಿನಕ್ಸ್ ತಿರುಳಿನಲ್ಲೇ ಸೇರಿಕೊಂಡಿದೆ. ಕಂಪನಿ ಕೈಬಿಟ್ಟರೂ ಬೇರೆಯವರು ಎತ್ತಿಕೊಂಡು ನಡೆಸಬಹುದು. ಯೆಜ್ಡಿ ಮೆಕ್ಯಾನಿಕ್‌ಗಳಿಗೆ ಸಿಕ್ಕ ಅವಕಾಶ ಇಲ್ಲಿ ಸಿಗುತ್ತದೆ. ನಿಮ್ಮ ಎಡಿಟಿಂಗ್ ತಂತ್ರಾಂಶಗಳೆಲ್ಲ ವಿಂಡೋಸ್‌ನವು ಎಂದು ಭಾವಿಸಿದ್ದೇನೆ. ಹಾಗಾಗಿ ಇದು ನಿಮಗಿಂತ ನಿಮ್ಮ ಮಗನಿಗೆ ಹೆಚ್ಚು ಉಪಯುಕ್ತ.

ಇನ್ನು ನಿಮ್ಮ ಮೇಜಿಗೆ ಬರೋಣ.

ಆರ್ಕ್ ಕಾರ್ಡ್‌ಗಳು ಚೆನ್ನಾಗಿ ಓಡಬೇಕಾದರೆ ರಿಸೈಜಬಲ್ ಬಾರ್ ಎಂಬ ಸೌಲಭ್ಯ ಮದರ್‌ಬೋರ್ಡಿನಲ್ಲಿ ಇರಲೇಬೇಕು. ಪ್ರೊಸೆಸರ್ ಕಾರ್ಡಿನ ಇಡೀ ಮೆಮೊರಿಯನ್ನು ಒಂದೇ ಸಲಕ್ಕೆ ಮುಟ್ಟಲು ಅದು ಅನುವು ಮಾಡಿಕೊಡುತ್ತದೆ. ಇಲ್ಲದಿದ್ದರೆ 256 ಎಂಬಿಯ ಸಣ್ಣ ಕಿಂಡಿಯಿಂದ ಎಲ್ಲವನ್ನೂ ದಾಟಿಸಬೇಕಾಗುತ್ತದೆ. ಬೇರೆ ಕಂಪನಿಗಳ ಕಾರ್ಡಿಗೆ ಇದು ಇದ್ದರೆ ಒಳ್ಳೆಯದು ಎನ್ನುವಂಥದ್ದು, ಆರ್ಕ್‌ಗೆ ಇಲ್ಲದಿದ್ದರೆ ನಡೆಯದು ಎನ್ನುವಂಥದ್ದು. ಇಂಟೆಲ್ ಇದನ್ನು ಅಧಿಕೃತವಾಗಿ ಒಪ್ಪುವುದು 10ನೇ ತಲೆಮಾರಿನ ಪ್ರೊಸೆಸರ್‌ಗಳಿಂದ ಮುಂದಕ್ಕೆ. ನಿಮ್ಮದು 9ನೇ ತಲೆಮಾರು. ಕೆಲವು ಬೋರ್ಡ್ ತಯಾರಕರು ಹಳೆಯ ಬೋರ್ಡುಗಳಿಗೂ ಬಯಾಸ್ (ಬೋರ್ಡನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ತಿದ್ದುಪಡಿ ಕೊಟ್ಟಿದ್ದಾರೆ, ಆದರೆ ದುಡಿದು ತಿನ್ನುವ ಯಂತ್ರವನ್ನು ಅದರ ಭರವಸೆಯ ಮೇಲೆ ಇಡುವುದು ಬೇಡ.

ಅಲ್ಲಿಗೆ ಮುಗಿಯಲಿಲ್ಲ. ಬಿ580ಯ ಡ್ರೈವರ್ ಪ್ರೊಸೆಸರಿನ ಮೇಲೆ ಹೆಚ್ಚು ಹೊರೆ ಹಾಕುತ್ತದೆ. 2025ರ ಜನವರಿಯಲ್ಲಿ ಹಾರ್ಡ್‌ವೇರ್ ಅನ್‌ಬಾಕ್ಸ್ಡ್ ಮತ್ತಿತರ ಪರೀಕ್ಷಕರು ಹಳೆಯ ಆರು ಕೋರ್ ಪ್ರೊಸೆಸರುಗಳೊಂದಿಗೆ ಅದನ್ನು ಓಡಿಸಿ ನೋಡಿದಾಗ, ಹೊಸ ಪ್ರೊಸೆಸರಿನಲ್ಲಿ ಆರ್‌ಟಿಎಕ್ಸ್ 4060 ಅನ್ನು ಮೀರಿಸುತ್ತಿದ್ದ ಕಾರ್ಡ್ ಕೆಲವು ಗೇಮ್‌ಗಳಲ್ಲಿ ಅದರ ಹಿಂದೆ ಬಿತ್ತು. ಇದು ನನಗೆ ನಿಜಕ್ಕೂ ಬೇಸರ ತರಿಸಿದ ಸಂಗತಿ. ಅಗ್ಗದ ಕಾರ್ಡ್ ಕೊಳ್ಳುವವರಲ್ಲಿ ಹೆಚ್ಚಿನವರ ಬಳಿ ಇರುವುದು ಹಳೆಯ ಪ್ರೊಸೆಸರ್ರೇ. ಯಾರಿಗಾಗಿ ಕಾರ್ಡ್ ಮಾಡಿದರೋ ಅವರ ಮನೆಯಲ್ಲೇ ಅದು ಸೋಲುತ್ತದೆ. ನಿಮಗೆ ಬಿ580 ಹಾಕಿಸಿ ಎಂದ ಅಂಗಡಿಯವರು ಪ್ರೊಸೆಸರ್ ಯಾವುದೆಂದು ಕೇಳಿದ್ದರೇ? ಕೇಳದೆಯೇ ಹೇಳಿದ್ದರೆ ಆ ಸಲಹೆಯನ್ನು ಪಕ್ಕಕ್ಕಿಡಿ.

ನಿಮ್ಮ ನಿಜವಾದ ತೊಂದರೆ ಎಡಿಟಿಂಗ್ ತಡವರಿಸುವುದು. ಹೊಸ ಕ್ಯಾಮೆರಾಗಳ 10 ಬಿಟ್ ವಿಡಿಯೊ ಸಾಮಾನ್ಯವಾಗಿ 4:2:2 ಎಂಬ ಬಗೆಯದ್ದು. ಬಣ್ಣದ ವಿವರ ಮಾಮೂಲಿ 4:2:0 ವಿಡಿಯೊಗಿಂತ ಎರಡರಷ್ಟು ಇರುತ್ತದೆ. ಮದುಮಗಳ ಕೆಂಪು ರೇಷ್ಮೆ ಸೀರೆ, ಮಂಟಪದ ಹಳದಿ ಬೆಳಕು ಇವನ್ನೆಲ್ಲ ಎಡಿಟಿಂಗ್‌ನಲ್ಲಿ ಹದ ಮಾಡುವಾಗ ಆ ಹೆಚ್ಚಿನ ವಿವರದ ಬೆಲೆ ಗೊತ್ತಾಗುತ್ತದೆ. ಆದರೆ ನಿಮ್ಮ ಜಿಟಿಎಕ್ಸ್ 1650ಕ್ಕೆ 4:2:2 ವಿಡಿಯೊವನ್ನು ಬಿಡಿಸುವ (ಡಿಕೋಡ್ ಮಾಡುವ) ಯಂತ್ರಾಂಗವೇ ಇಲ್ಲ. ಆ ಕೆಲಸವೆಲ್ಲ ಪ್ರೊಸೆಸರಿನ ಆರು ಕೋರ್‌ಗಳ ಮೇಲೆ ಬೀಳುತ್ತದೆ. ನಿಮ್ಮ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿರುವ 'ಎಫ್' ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ; ಹಾಗಾಗಿ ಇಂಟೆಲ್‌ನ ಕ್ವಿಕ್ ಸಿಂಕ್ ನೆರವೂ ನಿಮಗಿಲ್ಲ. ಕ್ವಿಕ್ ಸಿಂಕ್ ಎನ್ನುವುದು ವಿಡಿಯೊ ಬಿಡಿಸಲು, ಹೆಣೆಯಲು ಇಂಟೆಲ್ ಗ್ರಾಫಿಕ್ಸಿನೊಳಗೆ ಮೀಸಲಾಗಿರುವ ಭಾಗ. ಎಚ್.265 ಎಂಬ ಸಂಕುಚನ ಕ್ರಮದ 4:2:2 10 ಬಿಟ್ ವಿಡಿಯೊವನ್ನು ಈಚಿನ ತಲೆಮಾರುಗಳ ಕ್ವಿಕ್ ಸಿಂಕ್ ಸಲೀಸಾಗಿ ಬಿಡಿಸುತ್ತದೆ. ಎನ್‌ವಿಡಿಯಾ ಈ ಸಾಮರ್ಥ್ಯವನ್ನು ತನ್ನ ಕಾರ್ಡಿಗೆ ಸೇರಿಸಿದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ.

ಅಂಗಡಿಯವರ ತಲೆಯಲ್ಲಿ ಇದ್ದದ್ದು ಇದೇ ಇರಬಹುದು, ಏಕೆಂದರೆ ಬಿ580 ಒಳಗೂ ಇದೇ ಭಾಗವಿದೆ. ಆದರೆ ಇದಕ್ಕಾಗಿ ಕಾರ್ಡನ್ನೇ ಕೊಳ್ಳಬೇಕಿಲ್ಲ. 12ನೇ ತಲೆಮಾರಿನ ಕೋರ್ ಐ5-12400 ಅಥವಾ 12500, ಕಡ್ಡಾಯವಾಗಿ 'ಎಫ್' ಇಲ್ಲದ್ದು, ಕೊಂಡರೆ ಅದರೊಳಗಿನ ಗ್ರಾಫಿಕ್ಸೇ ನಿಮ್ಮ ವಿಡಿಯೊ ಬಿಡಿಸುತ್ತದೆ. ಸಿಗುವುದಾದರೆ 12500 ತೆಗೆದುಕೊಳ್ಳಿ; ಅದರಲ್ಲಿ ವಿಡಿಯೊ ಯಂತ್ರಾಂಗ ಎರಡಿವೆ, 12400ರಲ್ಲಿ ಒಂದೇ. ಇವು ಮೇಲೆ ಹೇಳಿದ ಹಳೆಯವರ ಸಾಲಿಗೆ ಸೇರಿದ ಪ್ರೊಸೆಸರುಗಳೇ. ವಿಡಿಯೊ ಕೆಲಸಕ್ಕೆ ಅದರಿಂದ ಕುಂದಿಲ್ಲ, ಅದಕ್ಕಾಗಿ ತಿಂಗಳಿಗೊಂದು ಗೇಮ್ ಡ್ರೈವರ್ ಬೇಕಾಗುವುದಿಲ್ಲ.

ಬೋರ್ಡ್ ಕೊಳ್ಳುವಾಗ ಡಿಡಿಆರ್4 ರ‍್ಯಾಮ್ ತೆಗೆದುಕೊಳ್ಳುವ ಬಿ660 ಅಥವಾ ಬಿ760 ಬೋರ್ಡನ್ನೇ ಕೇಳಿ ಪಡೆಯಿರಿ. ನಿಮ್ಮ 32 ಜಿಬಿ ರ‍್ಯಾಮ್ ಅದಕ್ಕೇ ಕೂರುತ್ತದೆ. ಇದು ಸಣ್ಣ ಉಳಿತಾಯವಲ್ಲ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿ ಚಿಪ್‌ಗಳನ್ನು ನುಂಗುತ್ತಿರುವುದರಿಂದ 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ; ಮೈಕ್ರಾನ್ ಕಂಪನಿ ಕ್ರೂಷಿಯಲ್ ಹೆಸರಿನಲ್ಲಿ ಗ್ರಾಹಕರಿಗೆ ರ‍್ಯಾಮ್ ಮಾರುವುದನ್ನೇ ನಿಲ್ಲಿಸುವುದಾಗಿ ಆ ಡಿಸೆಂಬರಿನಲ್ಲಿ ಹೇಳಿತು. ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯೂ ಅದೇ ಕಾರ್ಖಾನೆಗಳಿಂದ ಬರಬೇಕು. 12 ಜಿಬಿ ಮೆಮೊರಿಯ ಕಾರ್ಡನ್ನು 249 ಡಾಲರಿಗೆ ಬಿಡುಗಡೆ ಮಾಡಿದವರಿಗೆ ಇದು ಇನ್ನೊಂದು ಪೆಟ್ಟು. ಇಂಟೆಲ್ ಬಗೆಗಿನ ವದಂತಿಗಳ ಗದ್ದಲದಲ್ಲಿ ಈ ಮಾತು ಕೇಳಿಸುವುದು ಕಡಿಮೆ; ನನಗಂತೂ ಬಿ580ಯ ಬೆಲೆಗೆ ಸದ್ಯದ ದೊಡ್ಡ ಅಪಾಯ ಇದೇ ಎನ್ನಿಸುತ್ತದೆ.

ಹೊಸ ಬೋರ್ಡ್ ಕೂರಿಸಿದ ಮೇಲೆ ಬಯಾಸ್‌ನಲ್ಲಿ ಒಳಗಿನ ಗ್ರಾಫಿಕ್ಸನ್ನು ಚಾಲೂ ಇಡಬೇಕು. ಬೇರೆ ಕಾರ್ಡ್ ಇದ್ದಾಗ ಎಷ್ಟೋ ಬೋರ್ಡುಗಳು ಅದನ್ನು ತಾವಾಗಿಯೇ ಆರಿಸಿಬಿಡುತ್ತವೆ. ಆಗ ಕ್ವಿಕ್ ಸಿಂಕ್ ಇದ್ದೂ ಇಲ್ಲದಂತಾಗುತ್ತದೆ. ಕ್ಯಾಮೆರಾದಲ್ಲಿ ಎಚ್.264 ಮತ್ತು ಎಚ್.265 ಎರಡೂ ಆಯ್ಕೆ ಇದ್ದರೆ ಎಚ್.265 ಇಡಿ. ಎಚ್.264ರ 4:2:2 ವಿಡಿಯೊವನ್ನು ಈ ಇಂಟೆಲ್ ಪ್ರೊಸೆಸರುಗಳ ಯಂತ್ರಾಂಗ ಬಿಡಿಸುವುದಿಲ್ಲ, ಭಾರ ಮತ್ತೆ ಕೋರ್‌ಗಳ ಮೇಲೇ ಬೀಳುತ್ತದೆ. ಈ ಕೆಲಸಕ್ಕೆ ಆಷಾಢವೇ ಸರಿಯಾದ ಕಾಲ. ಲಗ್ನದ ದಿನಗಳಲ್ಲಿ ಯಂತ್ರ ಬಿಚ್ಚಬೇಡಿ.

ಮಗನ ವಿಷಯ. ಮಷೀನ್ ಲರ್ನಿಂಗ್ ಅವನಿಗೆ ನಿಜವಾಗಿ ಮುಖ್ಯವಾದರೆ ಎನ್‌ವಿಡಿಯಾ ಕಾರ್ಡೇ ಅವನಿಗೆ ನೇರ ದಾರಿ. ಪಾಠಗಳು, ಮಾದರಿ ಸಂಕೇತಗಳು (ಕೋಡ್) ಬಹುಪಾಲು ಕುಡಾ ಎಂಬ ತಂತ್ರಾಂಶವನ್ನು ನಂಬಿ ಬರೆದವು, ಕುಡಾ ಓಡುವುದು ಎನ್‌ವಿಡಿಯಾದಲ್ಲಿ ಮಾತ್ರ. 2024ರ ಅಕ್ಟೋಬರಿನಲ್ಲಿ ಬಂದ ಪೈಟಾರ್ಚ್ 2.5 ಎಂಬ ಮಷೀನ್ ಲರ್ನಿಂಗ್ ತಂತ್ರಾಂಶದಿಂದ ಆರ್ಕ್ ಕಾರ್ಡಿಗೂ ಬೆಂಬಲ ಬಂದಿದೆ, 12 ಜಿಬಿ ಮೆಮೊರಿ ಈ ಕೆಲಸಕ್ಕೆ ದೊಡ್ಡ ಅನುಕೂಲ. ಆದರೂ ಕಲಿಯುವ ಹುಡುಗ ಪಾಠ ಕಲಿಯುವುದನ್ನು ಬಿಟ್ಟು ಕಾರ್ಡನ್ನು ಒಲಿಸಿಕೊಳ್ಳುವುದರಲ್ಲೇ ಸಂಜೆಗಳನ್ನು ಕಳೆಯಬಾರದು. ಗೇಮ್ ಮಾತ್ರ ಮುಖ್ಯವಾದರೆ, ಹೊಸ ಬೋರ್ಡಿನ ಮೇಲೆ ಬಿ580 ತನ್ನ ಬೆಲೆಗೆ ಒಳ್ಳೆಯ ಕಾರ್ಡ್. ಇಂಟೆಲ್ ಮುಂದಿನ ಕಾರ್ಡ್ ತರಲಿ ಬಿಡಲಿ, ನಾನು ಅದನ್ನು ಧೈರ್ಯವಾಗಿ ಹಾಕಿಕೊಡುತ್ತೇನೆ. ಆರ್‌ಟಿಎಕ್ಸ್ 5060 ಕೊಳ್ಳುವುದಾದರೆ 8 ಜಿಬಿ ಮೆಮೊರಿಯ ಮಿತಿಯನ್ನು ಅರಿತೇ ಕೊಳ್ಳಿ. ಇನ್ನೊಂದು ಕಂಪನಿಯಾದ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿಯಲ್ಲೂ ಸಿಗುತ್ತದೆ, ಬೆಲೆ ಹೆಚ್ಚು.

ಬಿ580 ಹಾಕುವ ದಿನ ಬಂದರೆ ಕಂಪ್ಯೂಟರಿಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಕೂಡ ನೋಡಿ. ನಿಮ್ಮ 1650 ಸುಮಾರು 75 ವಾಟ್ ಎಳೆಯುವ ಕಾರ್ಡ್, ಬಿ580 190 ವಾಟ್. ಇಂಟೆಲ್ 600 ವಾಟ್‌ನ ಎಸ್‌ಎಂಪಿಎಸ್ ಸೂಚಿಸುತ್ತದೆ. ಯುಪಿಎಸ್ ಸಣ್ಣದಾಗಿದ್ದರೆ ಕರೆಂಟ್ ಹೋದಾಗ ಅದೂ ತಡೆಯುವುದಿಲ್ಲ.

ಒಬ್ಬ ಕಂಪ್ಯೂಟರ್ ಕೆಲಸದವನಾಗಿ ಇಂಟೆಲ್ ಈ ಕಣದಲ್ಲಿ ಉಳಿಯಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಮೂವತ್ತು ಸಾವಿರದೊಳಗೆ ಕಾರ್ಡ್ ಹುಡುಕಿಕೊಂಡು ಬರುವ ವಿದ್ಯಾರ್ಥಿಗಳಿಗೆ ನಾವು ತೋರಿಸಬಹುದಾದ ಸರಕು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಇಂಟೆಲ್ ಆ ಬೆಲೆಗೆ 12 ಜಿಬಿ ಕೊಟ್ಟಿತು. ಆದರೆ ನನ್ನ ಬಯಕೆಗೆ ನಿಮ್ಮ ದುಡ್ಡನ್ನು ಪಣವಿಡುವುದು ಸಲ್ಲದು.

ಕೊನೆಗೆ ವ್ಯಾರಂಟಿ. ವದಂತಿ ಕೇಳಿ ಹೆದರುವವರು ಕೇಳಲೇಬೇಕಾದ ಪ್ರಶ್ನೆ ಇದು, ಆದರೆ ಕೇಳುವವರು ವಿರಳ. ನೀವು ಕೊಳ್ಳುವ ಆರ್ಕ್ ಕಾರ್ಡನ್ನು ಸಾಮಾನ್ಯವಾಗಿ ಮಾಡಿರುವುದು ಏಸ್‌ರಾಕ್, ಸ್ಪಾರ್ಕಲ್‌ನಂಥ ಕಂಪನಿಗಳು. ವ್ಯಾರಂಟಿ ಅವರದ್ದು, ಇಂಟೆಲ್‌ನದ್ದಲ್ಲ. ಅವರು ಬೇರೆ ಸರಕುಗಳನ್ನೂ ಮಾರುವವರು. ಆರ್ಕ್ ನಿಂತರೂ ಅವರ ಹೊಣೆ ಮುಗಿಯುವುದಿಲ್ಲ. 2022ರಲ್ಲಿ ಇವಿಜಿಎ ಕಂಪನಿ ಗ್ರಾಫಿಕ್ಸ್ ಕಾರ್ಡ್ ವ್ಯಾಪಾರವನ್ನೇ ಬಿಟ್ಟಾಗಲೂ ಆಗಲೇ ಮಾರಿದ್ದ ಕಾರ್ಡುಗಳ ವ್ಯಾರಂಟಿಯನ್ನು ಮುಂದುವರಿಸುವುದಾಗಿ ಹೇಳಿತ್ತು. ಹಾಗಾಗಿ ಮೈಸೂರಿನಲ್ಲೇ ಕೊಳ್ಳಿ, ಬೆಂಗಳೂರಿನ ಎಸ್.ಪಿ. ರಸ್ತೆಗೆ ರೈಲು ಹತ್ತಿ ಹೋಗಿ ಕೊಳ್ಳಿ, ಜಿಎಸ್‌ಟಿ ಬಿಲ್ ಇಲ್ಲದೆ ಎದ್ದು ಬರಬೇಡಿ. ಶೇ 18ರ ತೆರಿಗೆ ಉಳಿಸಿಕೊಡುತ್ತೇವೆ ಎನ್ನುವವರ ಮಾತಿಗೆ ಒಪ್ಪಿದರೆ ವ್ಯಾರಂಟಿಯನ್ನೂ ಅಲ್ಲೇ ಬಿಟ್ಟು ಬಂದಂತೆ. ಬಿಲ್ಲಿನಲ್ಲಿ ಕಾರ್ಡಿನ ಸೀರಿಯಲ್ ನಂಬರ್ ಬರೆಸಿ, ಡಬ್ಬದ ಮೇಲಿನ ನಂಬರಿಗೂ ಕಾರ್ಡಿನ ಮೇಲಿನದಕ್ಕೂ ತಾಳೆ ನೋಡಿ. ಕೆಟ್ಟರೆ ಅಂಗಡಿಯವರೇ ಕಳಿಸಿಕೊಡುತ್ತಾರೋ, ನೀವೇ ಬೆಂಗಳೂರಿನ ಸೇವಾ ಕೇಂದ್ರಕ್ಕೆ ಹೊತ್ತೊಯ್ಯಬೇಕೋ, ಭಾರತದಲ್ಲಿ ಆ ಕಾರ್ಡನ್ನು ಆಮದು ಮಾಡಿಕೊಂಡವರು ಯಾರು ಎಂಬುದನ್ನು ಹಣ ಕೊಡುವ ಮೊದಲೇ ಕೇಳಿ ಬಿಲ್ಲಿನ ಹಿಂದೆ ಬರೆದಿಟ್ಟುಕೊಳ್ಳಿ.